ಹತ್ತೊಂಬತ್ತು ಗೋಲಿನ ಜಗಳದಲ್ಲಿ ಮರೆತುಹೋದ ಮಿಡ್‌ಫೀಲ್ಡರ್

ಪ್ರಶ್ನೆ: ನಾವು ಐದು ಜನ ಗೆಳೆಯರು, ಒಂದೇ ಫುಟ್‌ಬಾಲ್ ತಂಡದ ಅಭಿಮಾನಿಗಳು. ಮೇ ತಿಂಗಳಲ್ಲಿ ಲೀಗ್ ಮುಗಿಯಿತು. 38 ಪಂದ್ಯ ಆಡಿ ನಮ್ಮ ತಂಡ ಏಳನೇ ಸ್ಥಾನಕ್ಕೆ ನಿಂತಿತು. ಮುಂದಿನ ಸೀಸನ್‌ನಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗ್ ಕೂಡ ಆಡಬೇಕು. ಆಟ ನಿಂತ ದಿನದಿಂದ ನಮ್ಮ ಜಗಳ ಶುರುವಾಗಿದೆ. 30 ವರ್ಷದ ಸ್ಟ್ರೈಕರ್ ಈ ಸಲ 19 ಗೋಲು ಹೊಡೆದ, ಅದರಲ್ಲಿ 6 ಪೆನಾಲ್ಟಿ. ಅವನ ಒಪ್ಪಂದ ಇನ್ನೊಂದೇ ವರ್ಷ ಇದೆ. ಈಗಲೇ ಮಾರಿಬಿಡಬೇಕು ಅಂತ ಇಬ್ಬರು, ಮಾರಿದರೆ ಮುಳುಗಿದೆವು ಅಂತ ಇಬ್ಬರು. ಕ್ಲಬ್‌ನ ತರಬೇತಿ ಅಕಾಡೆಮಿಯಲ್ಲೇ ಬೆಳೆದ 18 ವರ್ಷದ ವಿಂಗರ್ ಕೊನೆಯ ಪಂದ್ಯಗಳಲ್ಲಿ ಒಟ್ಟು 212 ನಿಮಿಷ ಆಡಿ 2 ಗೋಲು ಹೊಡೆದ. ಅವನನ್ನು ಪ್ರತಿ ಪಂದ್ಯ ಆಡಿಸಲೇಬೇಕು ಅಂತ ಐದನೆಯವನ ಹಟ. 33 ವರ್ಷದ ಹಳೆಯ ಮಿಡ್‌ಫೀಲ್ಡರ್ ಒಪ್ಪಂದ ಮುಗಿದು ಹೊರಟುಹೋದ, ಅದೊಂದರಲ್ಲಿ ಮಾತ್ರ ನಮ್ಮಲ್ಲಿ ಜಗಳ ಇಲ್ಲ. ಯಾರು ಸರಿ? ಆಟವೇ ಇಲ್ಲದ ಈ ತಿಂಗಳುಗಳಲ್ಲಿ ಆಟಗಾರರನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ಒಂದು ಸಾಲಿನಲ್ಲಿ. "ಅದೊಂದರಲ್ಲಿ ಮಾತ್ರ ನಮ್ಮಲ್ಲಿ ಜಗಳ ಇಲ್ಲ" ಅಂದಿರಲ್ಲ, ಅಲ್ಲಿ. ನನ್ನ ಮಟ್ಟಿಗೆ ನೀವು ಐವರೂ ಮೊದಲು ಕೂತು ಮಾತಾಡಬೇಕಾದ ವಿಷಯ ಅದೇ. ಸ್ಟ್ರೈಕರ್ ಮತ್ತು ಹುಡುಗನ ವಿಷಯಕ್ಕೂ ಬರುತ್ತೇನೆ. ಆದರೆ ಆ ಎರಡು ಪ್ರಶ್ನೆಗಳ ಉತ್ತರವೂ ಹೊರಟುಹೋದ ಆ ಮಿಡ್‌ಫೀಲ್ಡರ್ ಮೇಲೇ ನಿಂತಿದೆ.

ಮೊದಲು ಒಂದು ಹಾಳೆ ತಗೊಳ್ಳಿ. ಆಟಗಾರರ ಹೆಸರು, ಗೋಲು, ಬೆಲೆ ಎಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಿಮಿಷಗಳ ಲೆಕ್ಕ ಮಾತ್ರ ಬರೆಯಿರಿ. 38 ಪಂದ್ಯ, ಪಂದ್ಯಕ್ಕೆ 90 ನಿಮಿಷ, ಮೈದಾನದಲ್ಲಿ 11 ಜನ. ಗುಣಿಸಿದರೆ 37,620 ನಿಮಿಷ. ಲೀಗ್‌ನಲ್ಲಿ ಯಾವ ತಂಡವಾದರೂ ತುಂಬಬೇಕಾದ ಪಾತ್ರೆ ಇಷ್ಟು ದೊಡ್ಡದು. ಈಗ ನಿಮಗೆ ಕಾನ್ಫರೆನ್ಸ್ ಲೀಗ್ ಕೂಡ ಸೇರಿದೆ. ಆಗಸ್ಟ್‌ನಲ್ಲಿ ಎರಡು ಪಂದ್ಯಗಳ ಪ್ಲೇ-ಆಫ್, ಅಂದರೆ ಅರ್ಹತಾ ಸುತ್ತು, ಅದರಲ್ಲಿ ಗೆದ್ದರೆ ಲೀಗ್ ಹಂತದಲ್ಲಿ 6 ಪಂದ್ಯ. ಎಂಟು ಪಂದ್ಯಕ್ಕೆ ಇನ್ನೂ 7,920 ನಿಮಿಷ. ಎರಡೂ ಸೇರಿ 45,540. ದೇಶದೊಳಗಿನ ಕಪ್ ಪಂದ್ಯಗಳನ್ನು ನಾನು ಇದಕ್ಕೆ ಸೇರಿಸಿಲ್ಲ.

ಹೊರಟುಹೋದ ಮಿಡ್‌ಫೀಲ್ಡರ್ ಕಳೆದ ಸೀಸನ್‌ನಲ್ಲಿ ಎಷ್ಟು ಆಡಿದ ಅಂತ ನೀವು ಬರೆದಿಲ್ಲ. ಲೀಗ್‌ನ ಅಂಕಿಅಂಶದಲ್ಲಿ ಅದು ಸುಲಭವಾಗಿ ಸಿಗುತ್ತದೆ, ನೋಡಿ. ಲೆಕ್ಕಕ್ಕೆ 2,900 ನಿಮಿಷ ಅಂತಿಟ್ಟುಕೊಳ್ಳೋಣ. ಉಳಿದವರೆಲ್ಲ ಹೋದ ಸಲದಷ್ಟೇ ಆಡಿದರೂ ನಿಮ್ಮ ತಂಡದಲ್ಲಿ ಈಗ 10,820 ನಿಮಿಷ ಖಾಲಿ ಬಿದ್ದಿದೆ. ಒಬ್ಬ ಆಟಗಾರ ಗಾಯವಿಲ್ಲದೆ 2,700 ನಿಮಿಷ ಆಡಿದರೆ ಒಳ್ಳೆಯ ಸೀಸನ್. ಅಂದರೆ ನಿಮಗೆ ನಾಲ್ಕು ಜನ ಬೇಕು. ನೀವು ಜಗಳ ಆಡುತ್ತಿರುವುದು ಇರುವ ಒಬ್ಬನನ್ನು ಕಳಿಸಬೇಕಾ ಬೇಡವಾ ಅಂತ!

ಇದು ಬರೀ ಸಂಖ್ಯೆಯ ಮಾತಲ್ಲ. ಖಾಲಿಯಾದ ಜಾಗ ಎಂಥದ್ದು ಅನ್ನೋದು ಮುಖ್ಯ. 33 ವರ್ಷದ ಮಿಡ್‌ಫೀಲ್ಡರ್ ಗೋಲು ಹೊಡೆದಿರಲಿಕ್ಕಿಲ್ಲ. ಆದರೆ ಡಿಫೆಂಡರ್‌ಗಳಿಂದ ಚೆಂಡು ಇಸ್ಕೊಂಡು ಮುಂದೆ ತಲುಪಿಸುತ್ತಿದ್ದವನು ಯಾರು? ಚೆಂಡು ಕಳಕೊಂಡ ಕೂಡಲೇ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಿದ್ದವನು ಯಾರು? ಅಂಚಿನ ಡಿಫೆಂಡರ್ (ಫುಲ್‌ಬ್ಯಾಕ್) ಮುಂದೆ ಓಡಿದಾಗ ಹಿಂದೆ ಜಾಗ ಕಾಯುತ್ತಿದ್ದವನು ಯಾರು? ಇಂಥ ಕೆಲಸ ಮಾಡುವವನು ಇರುವಾಗ ಕಣ್ಣಿಗೆ ಬೀಳುವುದಿಲ್ಲ. ಅವನು ಹೋದ ಮೇಲೆ ಅಕ್ಟೋಬರ್‌ನಲ್ಲಿ "ಡಿಫೆನ್ಸ್ ಯಾಕೋ ಕುಸಿದಿದೆ" ಅಂತ ಎಲ್ಲರೂ ಡಿಫೆಂಡರ್‌ಗಳನ್ನು ಬೈಯುತ್ತಾರೆ.

ಲೆಸ್ಟರ್ ಸಿಟಿಯ ಕತೆ ಗೊತ್ತಲ್ವಾ? 2015-16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ತಂಡ. ಸೀಸನ್ ಶುರುವಾಗುವಾಗ ಅವರ ಮೇಲಿದ್ದ ಬಾಜಿ 5,000ಕ್ಕೆ 1. ಎಲ್ಲರೂ ಇದನ್ನು ಪವಾಡ ಅಂತ ಹೇಳಿ ಸುಮ್ಮನಾಗುತ್ತಾರೆ. ನನಗೆ ಮಾತ್ರ ಅದಕ್ಕೆ ಮೊದಲಿನ ಬೇಸಿಗೆಯ ಮೇಲೇ ಆಸಕ್ತಿ. ಆ ಬೇಸಿಗೆಯಲ್ಲಿ ಅವರ ಮ್ಯಾನೇಜರ್ ಹೋದರು, ಜುಲೈನಲ್ಲಿ ಕ್ಲಾಡಿಯೊ ರನಿಯೇರಿ ಬಂದರು. ಹಿಂದಿನ ಸೀಸನ್‌ನಲ್ಲಿ ಕ್ಲಬ್‌ನ ಶ್ರೇಷ್ಠ ಆಟಗಾರ ಅನಿಸಿಕೊಂಡಿದ್ದ ಮಿಡ್‌ಫೀಲ್ಡರ್ ಎಸ್ತೆಬಾನ್ ಕಾಂಬಿಯಾಸೊ ಹೊಸ ಒಪ್ಪಂದ ಬೇಡ ಅಂತ ಹೊರಟುಹೋದರು. ಅವರಿಗೆ ಆಗ 34, ನಿಮ್ಮ ಮಿಡ್‌ಫೀಲ್ಡರ್‌ಗಿಂತ ಒಂದು ವರ್ಷ ಹೆಚ್ಚು. ಹೊರಗಿನಿಂದ ನೋಡಿದವರಿಗೆ ತಂಡ ಬಡವಾಯಿತು ಅನಿಸಿತು. ಲೆಸ್ಟರ್ ಆ ಜಾಗಕ್ಕೆ ಫ್ರಾನ್ಸ್‌ನ ಕಾನ್ ಕ್ಲಬ್‌ನಿಂದ ಎನ್ಗೋಲೊ ಕಾಂಟೆಯನ್ನು ತಂದಿತು. ಹೆಚ್ಚು ಜನ ಕೇಳಿರದ ಹೆಸರು. ಆದರೆ ಕೆಲಸ ಏನು ಅಂತ ಗೊತ್ತಿದ್ದು ಆರಿಸಿದ ಆಟಗಾರ.

ಇನ್ನೊಂದು ಸುಳಿವೂ ಅಲ್ಲೇ ಇತ್ತು. 2014-15ರಲ್ಲಿ ಲೆಸ್ಟರ್ 14ನೇ ಸ್ಥಾನದಲ್ಲಿ ಮುಗಿಸಿತ್ತು, ಸಾಧಾರಣ ತಂಡ ಅಂತಲೇ ಎಲ್ಲರ ಲೆಕ್ಕ. ಆದರೆ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದಿತ್ತು. ಅಂಕಪಟ್ಟಿಯಲ್ಲಿ ಒಂದು ತಂಡ ಎಲ್ಲಿ ನಿಂತಿತು ಅನ್ನುವಷ್ಟೇ ಮುಖ್ಯ, ಅಲ್ಲಿಗೆ ಹೇಗೆ ಬಂತು ಅನ್ನುವುದು. ನಿಮ್ಮ ತಂಡದ ಏಳನೇ ಸ್ಥಾನವನ್ನೂ ಹಾಗೇ ಎರಡು ಭಾಗ ಮಾಡಿ ನೋಡಿ. ಮೊದಲ 19 ಪಂದ್ಯದ ಅಂಕ ಎಷ್ಟು, ನಂತರದ 19ರದ್ದು ಎಷ್ಟು?

ಮುಂದಿನ ಬೇಸಿಗೆಯಲ್ಲಿ, 2016ರಲ್ಲಿ, ಕಾಂಟೆ ಚೆಲ್ಸಿಗೆ ಹೋದರು. ವಾರ್ಡಿ ಉಳಿದರು, ಮಹ್ರೆಜ್ ಉಳಿದರು. ಗೋಲು ಹೊಡೆಯುವವರು ಇಬ್ಬರೂ ಇದ್ದಾರಲ್ಲ ಅಂತ ಜನ ನೆಮ್ಮದಿಯಾಗಿದ್ದರು. ಲೆಸ್ಟರ್ 81 ಅಂಕದಿಂದ 44ಕ್ಕೆ ಇಳಿದು 12ನೇ ಸ್ಥಾನಕ್ಕೆ ಬಂತು. ಚೆಲ್ಸಿ 50 ಅಂಕದಿಂದ 93ಕ್ಕೆ ಏರಿ ಚಾಂಪಿಯನ್ ಆಯಿತು. ಇದನ್ನೆಲ್ಲ ಒಬ್ಬ ಕಾಂಟೆಯ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಚೆಲ್ಸಿಗೆ ಹೊಸ ಕೋಚ್ ಅಂಟೋನಿಯೊ ಕೊಂಟೆ ಬಂದಿದ್ದರು. ಆ ವರ್ಷ ಅವರಿಗೆ ಯುರೋಪಿನ ಪಂದ್ಯಗಳೇ ಇರಲಿಲ್ಲ, ವಾರವಿಡೀ ಅಭ್ಯಾಸಕ್ಕೆ ಸಮಯ ಸಿಗುತ್ತಿತ್ತು. ಲೆಸ್ಟರ್ ಚಾಂಪಿಯನ್ಸ್ ಲೀಗ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಆಡಿತು. ಈ ಕೊನೆಯ ಮಾತು ನಿಮ್ಮ ತಂಡಕ್ಕೆ ನೇರವಾಗಿ ತಟ್ಟುವಂಥದ್ದು. ಗುರುವಾರ ರಾತ್ರಿ ಬೇರೆ ದೇಶದಲ್ಲಿ ಆಡಿ, ಭಾನುವಾರ ಲೀಗ್ ಪಂದ್ಯಕ್ಕೆ ಇಳಿಯಬೇಕು. ನಡುವೆ ಅಭ್ಯಾಸಕ್ಕೆ ಸಿಗುವುದು ಒಂದು ದಿನ.

ಈಗ ಸ್ಟ್ರೈಕರ್.

19ರಲ್ಲಿ 6 ಪೆನಾಲ್ಟಿ ತೆಗೆಯಿರಿ. ಪೆನಾಲ್ಟಿ ನೂರಕ್ಕೆ 75ರಿಂದ 80 ಗೋಲಾಗುತ್ತವೆ. ಈ ಮಟ್ಟದಲ್ಲಿ ಆಡುವ ಯಾರಿಗೆ ಕೊಟ್ಟರೂ ಆರೇಳರಲ್ಲಿ ಐದು ಹಾಕುತ್ತಾರೆ. ಆದ್ದರಿಂದ ನಾವು ಅಳೆಯಬೇಕಾದದ್ದು ಉಳಿದ 13 ಗೋಲು. ಅವು ಹೇಗೆ ಬಂದವು? ಎಕ್ಸ್‌ಜಿ ಅನ್ನುವ ಅಳತೆ ನೀವು ಕೇಳಿರುತ್ತೀರಿ. ಒಂದು ಹೊಡೆತ ಎಲ್ಲಿಂದ, ಯಾವ ಕೋನದಿಂದ, ಹೇಗೆ ಬಂತು ಅಂತ ನೋಡಿ, ಅದು ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರೊಳಗೆ ಹೇಳುತ್ತದೆ. ಸೀಸನ್ನಿನ ಎಲ್ಲ ಹೊಡೆತಗಳನ್ನು ಕೂಡಿಸಿದರೆ ಆ ಆಟಗಾರನಿಗೆ ಸಿಕ್ಕ ಅವಕಾಶ ಎಷ್ಟು ಗೋಲಿನಷ್ಟು ಬೆಲೆಯದು ಅಂತ ತಿಳಿಯುತ್ತದೆ. ಪೆನಾಲ್ಟಿ ಬಿಟ್ಟು ಅವನ ಎಕ್ಸ್‌ಜಿ 12 ಅಥವಾ 13 ಇದ್ದರೆ ಅವನು ಸರಿಯಾದ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದಾನೆ. ಮುಂದಿನ ವರ್ಷವೂ ಹತ್ತಿರ ಹತ್ತಿರ ಅಷ್ಟೇ ಸಿಗಬಹುದು. 8 ಇದ್ದು 13 ಗೋಲಾಗಿದ್ದರೆ ಈ ಸಲ ಹೊಡೆದದ್ದೆಲ್ಲ ಬಲೆಗೆ ಬಿದ್ದಿದೆ ಅಂತ ಅರ್ಥ. ಅದು ಪ್ರತಿ ವರ್ಷ ನಡೆಯುವುದಿಲ್ಲ. ಅಪರೂಪದ ಕೆಲವರು ಮಾತ್ರ ವರ್ಷಗಟ್ಟಲೆ ಅದನ್ನು ಮಾಡಿ ತೋರಿಸಿದ್ದಾರೆ, ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್ ಅವರಲ್ಲೊಬ್ಬರು. ನಿಮ್ಮವನ ಹಿಂದಿನ ಮೂರು ಸೀಸನ್ ತೆಗೆದು ನೋಡಿ.

ಅವನಿಗೆ ಅವಕಾಶ ಹುಟ್ಟಿಸಿ ಕೊಟ್ಟವರು ಯಾರು ಅಂತಲೂ ನೋಡಿ. ಆ ಹಳೆಯ ಮಿಡ್‌ಫೀಲ್ಡರ್ ಹಿಂದಿನಿಂದ ಕೊಡುತ್ತಿದ್ದ ಪಾಸ್‌ನಲ್ಲೇ ಅರ್ಧ ಗೋಲು ಶುರುವಾಗಿದ್ದರೆ ನಿಮ್ಮ ಜಗಳದ ನಾಲ್ಕೂ ಜನ ತಪ್ಪಾದ ಕಡೆ ನೋಡುತ್ತಿದ್ದೀರಿ.

ದೊಡ್ಡ ಹೆಸರು ಮಾರಿದರೆ ತಂಡ ಮುಳುಗಲೇಬೇಕು ಅಂತೇನಿಲ್ಲ. 2018ರ ಜನವರಿಯಲ್ಲಿ ಲಿವರ್‌ಪೂಲ್ ಫಿಲಿಪೆ ಕುಟಿನ್ಯೊನನ್ನು ಬಾರ್ಸಿಲೋನಾಕ್ಕೆ ಮಾರಿದಾಗ ಅಭಿಮಾನಿಗಳಿಗೆ ಹೊಟ್ಟೆ ಉರಿದಿತ್ತು. ಅದೇ ಟ್ರಾನ್ಸ್‌ಫರ್ ಕಿಟಕಿಯಲ್ಲಿ, ಅಂದರೆ ಆಟಗಾರರನ್ನು ಕೊಂಡು ಮಾರಲು ಬಿಡುವ ಅವಧಿಯಲ್ಲಿ, 7.5 ಕೋಟಿ ಪೌಂಡ್‌ಗೆ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಬಂದರು, ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಬಂದರು. 2019ರಲ್ಲಿ ಅದೇ ಬಾರ್ಸಿಲೋನಾವನ್ನು, ಕುಟಿನ್ಯೊ ಎದುರಿಗೆ ಆಡುತ್ತಿರುವಾಗಲೇ, ತನ್ನ ಮೈದಾನ ಆ್ಯನ್‌ಫೀಲ್ಡ್‌ನ ಸೆಮಿಫೈನಲ್‌ನಲ್ಲಿ 4-0ಯಿಂದ ಸೋಲಿಸಿ, ಮುಂದೆ ಲಿವರ್‌ಪೂಲ್ ಚಾಂಪಿಯನ್ಸ್ ಲೀಗ್ ಗೆದ್ದಿತು. ಟಾಟೆನ್‌ಹ್ಯಾಮ್ 2013ರಲ್ಲಿ ಗ್ಯಾರೆತ್ ಬೇಲ್‌ನನ್ನು ದಾಖಲೆ ಬೆಲೆಗೆ ರಿಯಲ್ ಮ್ಯಾಡ್ರಿಡ್‌ಗೆ ಮಾರಿತು. ಬಂದ ಹಣದಲ್ಲಿ ಏಳು ಜನರನ್ನು ತಂದಿತು. ಡಿಸೆಂಬರ್‌ನಲ್ಲಿ ಮ್ಯಾನೇಜರ್ ಕೆಲಸ ಹೋಯಿತು, ಸೀಸನ್ ಕೊನೆಗೆ ಆರನೇ ಸ್ಥಾನ. ಆ ಏಳರಲ್ಲಿ ಕ್ರಿಶ್ಚಿಯನ್ ಎರಿಕ್ಸನ್ ಅಂಥ ಒಳ್ಳೆಯ ಆಟಗಾರರೂ ಇದ್ದರು. ಆದರೆ ಒಂದೇ ಬೇಸಿಗೆಯಲ್ಲಿ ಏಳು ಜನ ಬಂದರೆ ಯಾರ ಕೆಲಸ ಯಾರದು ಅಂತ ಕೂರಿಸಲು ಒಂದು ಸೀಸನ್ ಬೇಕು. ಲಿವರ್‌ಪೂಲ್‌ಗೆ ಎರಡು ತೂತು ಎಲ್ಲಿವೆ ಅಂತ ಗೊತ್ತಿತ್ತು. ಆ ಎರಡನ್ನೇ ಮುಚ್ಚಿತು.

ಹಾಗಾದರೆ ನಿಮ್ಮ ಸ್ಟ್ರೈಕರ್? ನಾನಾಗಿದ್ದರೆ ಈ ಬೇಸಿಗೆ ಮಾರುತ್ತಿರಲಿಲ್ಲ. 1995ರ ಬಾಸ್ಮನ್ ತೀರ್ಪಿನ ನಂತರ ಒಪ್ಪಂದ ಮುಗಿದ ಆಟಗಾರ ಪುಕ್ಕಟೆ ಹೋಗಬಹುದು. ಹಾಗಾಗಿ ಈಗ ಮಾರದಿದ್ದರೆ ಹಣ ಹೋಯಿತು ಅನ್ನುವ ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲಿ ತಿರುಳಿದೆ. ಆದರೆ ಹಾಳೆ ಮತ್ತೆ ನೋಡಿ. ಈಗಾಗಲೇ 10,820 ನಿಮಿಷ ಖಾಲಿ ಇರುವ ತಂಡ ಇನ್ನೂ ಎರಡೂವರೆ ಮೂರು ಸಾವಿರ ನಿಮಿಷವನ್ನು ತಾನಾಗಿ ಖಾಲಿ ಮಾಡಿಕೊಳ್ಳಬಾರದು. 30 ವರ್ಷದವನಿಗೆ ಬರುವ ಬೆಲೆಯಲ್ಲಿ ಅವನಷ್ಟೇ ಒಳ್ಳೆಯವನು ಸಿಗುವುದೂ ಕಷ್ಟ. ಉಳಿಸಿಕೊಳ್ಳಿ, ಆದರೆ 19 ಗೋಲು ನಿರೀಕ್ಷಿಸಬೇಡಿ. ಹನ್ನೆರಡು ಹದಿಮೂರು ಬಂದರೂ ಅವನು ಕೆಟ್ಟ ಅಂತಲ್ಲ.

ಹುಡುಗನ ವಿಷಯಕ್ಕೆ ಬರೋಣ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ವರ್ಷಗಟ್ಟಲೆ ಆ ವಯಸ್ಸಿನ ಹುಡುಗರಿಗೆ ತರಬೇತಿ ಕೊಟ್ಟಿದ್ದೇನೆ.

212 ನಿಮಿಷಕ್ಕೆ 2 ಗೋಲು. ಇದೇ ವೇಗದಲ್ಲಿ 38 ಪೂರ್ತಿ ಪಂದ್ಯ ಆಡಿದರೆ 32 ಗೋಲಾಗುತ್ತದೆ. 2017-18ರಲ್ಲಿ ಮೊಹಮದ್ ಸಲಾ ಹೊಡೆದದ್ದು ಅಷ್ಟೇ, ಅದು 38 ಪಂದ್ಯದ ಪ್ರೀಮಿಯರ್ ಲೀಗ್ ಸೀಸನ್‌ಗೆ ಆಗಿನ ದಾಖಲೆ. ನಿಮ್ಮ ಗೆಳೆಯ ಮನಸ್ಸಿನಲ್ಲೇ ಮಾಡುತ್ತಿರುವ ಲೆಕ್ಕ ಇದು. ಎರಡೂವರೆ ಪಂದ್ಯವೂ ಆಗದ ಆಟದಿಂದ ಯಾರ ಭವಿಷ್ಯವನ್ನೂ ಹೇಳಲು ಬರುವುದಿಲ್ಲ, ಒಳ್ಳೆಯದನ್ನೂ ಹೇಳಬಾರದು, ಕೆಟ್ಟದ್ದನ್ನೂ ಹೇಳಬಾರದು. ಆ ಸಲಾ ಕೂಡ ಮೊದಲು ಚೆಲ್ಸಿಯಲ್ಲಿ 13 ಲೀಗ್ ಪಂದ್ಯ ಆಡಿ 2 ಗೋಲು ಹೊಡೆದಿದ್ದರು, ಆಗ ಅವರನ್ನು ತಳ್ಳಿಹಾಕಿದವರು ಬಹಳ ಜನ.

ಆ 212 ನಿಮಿಷದ ವಿಡಿಯೊ ಸಿಕ್ಕರೆ ಗೋಲು ಬಿಟ್ಟು ಉಳಿದದ್ದನ್ನು ನೋಡಿ. ಚೆಂಡು ಕಳಕೊಂಡ ಮೇಲೆ ಮುಂದಿನ ಐದು ಸೆಕೆಂಡ್ ಅವನು ಏನು ಮಾಡುತ್ತಾನೆ? ಹಿಂದೆ ಓಡುತ್ತಾನಾ, ಕೈ ಎತ್ತಿ ನಿಲ್ಲುತ್ತಾನಾ? ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಸುತ್ತ ನೋಡುತ್ತಾನಾ? ಒಂದೇ ಡಿಫೆಂಡರ್ ಎರಡು ಸಲ ತಡೆದ ಮೇಲೆ ಮೂರನೇ ಸಲ ಬೇರೆ ದಾರಿ ಹುಡುಕುತ್ತಾನಾ? ನಾನು ಹುಡುಗರನ್ನು ಆರಿಸುವಾಗ ನೋಡುತ್ತಿದ್ದದ್ದು ಇದನ್ನೇ. ವೇಗ, ಕಾಲ್ಚಳಕ ಆ ಮಟ್ಟದಲ್ಲಿ ಎಲ್ಲರಿಗೂ ಇರುತ್ತದೆ.

ಹ್ಯಾರಿ ಕೇನ್ 17ರಿಂದ 19ನೇ ವಯಸ್ಸಿನಲ್ಲಿ ಊರೂರು ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ಗಳಿಗೆ ಎರವಲಾಗಿ, ತಿರುಗಿದರು. ಲೇಟನ್ ಓರಿಯೆಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್. 2013ರ ಮೇ ತಿಂಗಳಲ್ಲಿ ಲೆಸ್ಟರ್ ಎರಡನೇ ದರ್ಜೆಯ ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ವಾಟ್‌ಫರ್ಡ್ ಎದುರು ಎರಡನೇ ಪಂದ್ಯ ಆಡಿದಾಗ, ಶುರುವಿಗೆ ಬೆಂಚಿನಲ್ಲಿ ಅಕ್ಕಪಕ್ಕ ಇದ್ದವರು ಕೇನ್ ಮತ್ತು ಜೇಮಿ ವಾರ್ಡಿ. ಮೂರು ವರ್ಷದ ನಂತರ ಪ್ರೀಮಿಯರ್ ಲೀಗ್‌ನಲ್ಲಿ ಕೇನ್ 25 ಗೋಲು, ವಾರ್ಡಿ 24. 2013ರ ಬೇಸಿಗೆಯಲ್ಲಿ ಇಬ್ಬರ ಬಗ್ಗೆಯೂ ಅಭಿಮಾನಿಗಳು ಏನೆಂದುಕೊಂಡಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಹುಡುಗರನ್ನು ನಂಬಿ ಗೆದ್ದವರ ಮಾತು ಬಂದಾಗ 1995ರ ಮ್ಯಾಂಚೆಸ್ಟರ್ ಯುನೈಟೆಡ್ ಹೆಸರು ಬಂದೇ ಬರುತ್ತದೆ. ಆ ಬೇಸಿಗೆ ಅನುಭವಿ ಆಟಗಾರರಾದ ಇನ್ಸ್, ಹ್ಯೂಸ್, ಕಾಂಚೆಲ್ಸ್‌ಕಿಸ್ ಮೂವರೂ ಹೋದರು. ಅಭಿಮಾನಿಗಳು ಸಿಟ್ಟಾದರು. ಮೊದಲ ಪಂದ್ಯದಲ್ಲೇ ಆಸ್ಟನ್ ವಿಲ್ಲಾ ಎದುರು 3-1 ಸೋಲು. ಹುಡುಗರನ್ನು ಇಟ್ಟುಕೊಂಡು ಏನೂ ಗೆಲ್ಲಲಾಗದು ಅಂತ ಫುಟ್‌ಬಾಲ್ ವಿಶ್ಲೇಷಕ ಅಲನ್ ಹ್ಯಾನ್ಸೆನ್ ಟಿವಿಯಲ್ಲಿ ಹೇಳಿದರು. ಆ ತಂಡ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಗೆದ್ದಿತು. ಆದರೆ ಈ ಕತೆ ಹೇಳುವಾಗ ಜನ ಬಿಟ್ಟುಬಿಡುವ ಅರ್ಧ ಇದೆ. ಬೆಕಮ್, ಸ್ಕೋಲ್ಸ್, ಬಟ್, ನೆವಿಲ್ ಅವರ ಹಿಂದೆ ಶ್ಮೈಕಲ್, ಬ್ರೂಸ್, ಪ್ಯಾಲಿಸ್ಟರ್, ಅರ್ವಿನ್ ಇದ್ದರು. ಮಧ್ಯದಲ್ಲಿ ರಾಯ್ ಕೀನ್ ಇದ್ದರು. ಅಕ್ಟೋಬರ್‌ನಲ್ಲಿ ಕ್ಯಾಂಟೋನಾ ನಿಷೇಧ ಮುಗಿಸಿ ಬಂದರು. ಹುಡುಗ ತಪ್ಪು ಮಾಡಿದರೆ ಅದನ್ನು ಸರಿಮಾಡುವ ಹಿರಿಯ ಹತ್ತು ಹೆಜ್ಜೆ ದೂರದಲ್ಲೇ ಇರುತ್ತಿದ್ದ.

ನಿಮ್ಮ ವಿಂಗರ್ ಬಳಿ ಆ ಹಿರಿಯ ಯಾರು? ನೋಡಿ, ಮತ್ತೆ ಅದೇ ಖಾಲಿ ಜಾಗಕ್ಕೆ ಬಂದೆವು. ಅಲ್ಲಿ ಸರಿಯಾದವನು ಬಂದರೆ ಹುಡುಗನಿಗೆ ಸಾವಿರದಿಂದ 1,200 ನಿಮಿಷ ಕೊಡಬಹುದು. ಹೆಚ್ಚಿನದು ಗುರುವಾರದ ಪಂದ್ಯಗಳಲ್ಲಿ, ಲೀಗ್‌ನಲ್ಲಿ ಕೊನೆಯ ಅರ್ಧ ಗಂಟೆ. ಪ್ರತಿ ವಾರ 90 ನಿಮಿಷ ಬೇಡ. 18ರ ದೇಹ ಇನ್ನೂ ಗಟ್ಟಿಯಾಗುತ್ತಿರುತ್ತದೆ. ವಿಂಗರ್‌ಗಳ ಆಟ ಪೂರ್ತಿ ವೇಗದ ಓಟದ್ದು, ದಣಿದಾಗ ತೊಡೆಯ ಹಿಂದಿನ ಸ್ನಾಯುವಿಗೇ ಮೊದಲ ಪೆಟ್ಟು. ಆ ಗಾಯ ವಾರಗಟ್ಟಲೆ ತಿನ್ನುತ್ತದೆ, ಮತ್ತೆ ಮರುಕಳಿಸಲೂಬಹುದು. ಒಂದೇ ಸೀಸನ್‌ನಲ್ಲಿ ಮೂರು ಸಲ ಅದೇ ಗಾಯ ಆಗಿ ಆಟದ ಆಸೆಯೇ ಬಿಟ್ಟ ಹುಡುಗನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವನಿಗೆ ಆಟ ಜಾಸ್ತಿ ಕೊಟ್ಟವರೆಲ್ಲ ಅವನನ್ನು ಪ್ರೀತಿಸಿದವರೇ.

ಒಂದು ಎಚ್ಚರಿಕೆ. ಕ್ಲಬ್‌ನ ಲೆಕ್ಕಪುಸ್ತಕಕ್ಕೆ ಈ ಹುಡುಗನನ್ನು ಮಾರುವ ಆಸೆ ಬರಬಹುದು. ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಐದು ಕೋಟಿಗೆ ಐದು ವರ್ಷಕ್ಕೆ ತಂದರೆ ವರ್ಷಕ್ಕೆ ಒಂದು ಕೋಟಿ ಖರ್ಚು. ಅಕಾಡೆಮಿಯವನಿಗೆ ಕೊಂಡ ಬೆಲೆಯೇ ಇಲ್ಲ, ಮಾರಿದ್ದೆಲ್ಲ ಆ ವರ್ಷದ ಲಾಭ. 2023-24ರಲ್ಲಿ ಪ್ರೀಮಿಯರ್ ಲೀಗ್‌ನ ನಷ್ಟದ ಮಿತಿ ಮೀರಿದ್ದಕ್ಕೆ ಎವರ್ಟನ್‌ಗೆ ಒಟ್ಟು 8 ಅಂಕ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4 ಅಂಕ ಕಡಿತವಾದ ಮೇಲೆ ಎಲ್ಲ ಕ್ಲಬ್‌ಗಳಿಗೂ ಈ ಲೆಕ್ಕದ ಭಯವಿದೆ. ಲೆಕ್ಕದ ವರ್ಷ ಮುಗಿಯುವ ಜೂನ್ ಕೊನೆಯಲ್ಲಿ ಹುಡುಗನ ಹೆಸರು ಸುದ್ದಿಯಲ್ಲಿ ಕಂಡರೆ ಕಾರಣ ಆಟದಲ್ಲೇ ಇರಬೇಕಂತಿಲ್ಲ.

ಅಭ್ಯಾಸ ಪಂದ್ಯಗಳ ಬಗ್ಗೆ ಹೆಚ್ಚೇನಿಲ್ಲ. ಫಲಿತಾಂಶ ಬಿಡಿ, ಗೋಲು ಬಿಡಿ. ಎದುರಾಳಿಗಳ ಫಿಟ್‌ನೆಸ್ ಒಂದೊಂದು ಹಂತದಲ್ಲಿರುತ್ತದೆ, ಅರ್ಧ ಮುಗಿದ ಮೇಲೆ ಹನ್ನೊಂದು ಜನರೂ ಬದಲಾಗುತ್ತಾರೆ. ಒಂದನ್ನು ಮಾತ್ರ ಬರೆದಿಡಿ: ಕೊನೆಯ ಎರಡು ಅಭ್ಯಾಸ ಪಂದ್ಯಗಳ ಮೊದಲಾರ್ಧದಲ್ಲಿ ಡಿಫೆಂಡರ್‌ಗಳ ಮುಂದೆ ನಿಂತು ಚೆಂಡು ಇಸ್ಕೊಳ್ಳುತ್ತಿರುವವನು ಯಾರು? ಕೋಚ್ ತಲೆಯಲ್ಲಿ ಏನಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಆ ಜಾಗಕ್ಕೆ ಎಂಥವನು ಬೇಕು? ವಯಸ್ಸು ನೋಡಿ ಮೂಗು ಮುರಿಯಬೇಡಿ. 2023ರ ಬೇಸಿಗೆಯಲ್ಲಿ ಜರ್ಮನಿಯ ಲೆವರ್‌ಕುಸೆನ್ ತನ್ನ ವೇಗದ ವಿಂಗರ್ ಮೂಸಾ ಡಿಯಾಬಿಯನ್ನು ಮಾರಿತು. 30 ವರ್ಷದ ಮಿಡ್‌ಫೀಲ್ಡರ್ ಗ್ರಾನಿಟ್ ಜಾಕಾನನ್ನು ಆರ್ಸೆನಲ್‌ನಿಂದ ತಂದಿತು. ಒಪ್ಪಂದ ಮುಗಿದಿದ್ದ ಗ್ರಿಮಾಲ್ಡೊನನ್ನು ಪುಕ್ಕಟೆ ಕರೆಸಿಕೊಂಡಿತು. ಹಿಂದಿನ ವರ್ಷ ಆರನೇ ಸ್ಥಾನ, ನಿಮ್ಮ ತಂಡಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಆ ಸೀಸನ್‌ನ ಬುಂಡೆಸ್ಲಿಗಾದಲ್ಲಿ 34 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಅದರ ಜೊತೆಗೆ ಗುರುವಾರದ ಯುರೋಪಾ ಲೀಗ್‌ನಲ್ಲೂ ಫೈನಲ್ ತನಕ ಹೋಯಿತು. ಎಲ್ಲ ಸ್ಪರ್ಧೆ ಸೇರಿ ಸೋತದ್ದು ಆ ಫೈನಲ್ ಒಂದೇ. ಕೋಚ್ ಶಾಬಿ ಅಲೊನ್ಸೊ ತಾವೇ ಆ ಜಾಗದಲ್ಲಿ ಆಡಿ ಹೆಸರು ಮಾಡಿದವರು, ಆ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು.

ಹಾಳೆಗೆ "ಬರುತ್ತಾನಂತೆ" ಅನ್ನುವ ಹೆಸರು ಬರೆಯಬೇಡಿ. ಸಹಿ ಆದವನ ಹೆಸರು ಮಾತ್ರ, ಪೆನ್ಸಿಲ್‌ನಲ್ಲಿ, ಎದುರಿಗೆ ನಿಮಿಷ. ಟ್ರಾನ್ಸ್‌ಫರ್ ಕಿಟಕಿ ಮುಚ್ಚಿದ ದಿನ ಐವರೂ ಕೂತು ಕೂಡಿಸಿ. 45,540ಕ್ಕೆ ಎಷ್ಟು ಕಡಿಮೆ ಬಿತ್ತು, ಮಿಡ್‌ಫೀಲ್ಡ್ ಸಾಲಿನಲ್ಲಿ ಯಾವ ಹೆಸರಿದೆ ಅಂತ ನನಗೆ ಬರೆಯಿರಿ. ನಿಮ್ಮ ಹುಡುಗ ಅಷ್ಟರೊಳಗೆ ಪ್ಲೇ-ಆಫ್‌ನ ಎರಡು ಪಂದ್ಯ ಆಡಿರುತ್ತಾನೆ. ಅವನು ಹೇಗೆ ಆಡಿದ ಅಂತಲೂ ತಿಳಿಸಿ.